ಮನಸ್ಸಿನಲ್ಲಿ ತಿಂದ ಮಂಡಿಗೆಗೂ ಲೆಕ್ಕ ಸಿಗುತ್ತದೆಯೇ?

ಅಂಕೋಲೆಯ ಪರಿಚಿತರೊಬ್ಬರು ಕಳೆದ ಮಳೆಗಾಲದಲ್ಲಿ ಮಗನನ್ನು ಮಿದುಳಿನ ವಿದ್ಯುತ್ತನ್ನು ಅಳೆಯುವ ಇಇಜಿ ಪರೀಕ್ಷೆಗೆಂದು ಹುಬ್ಬಳ್ಳಿಗೆ ಕರೆದೊಯ್ದಿದ್ದರು. ಪಿಯುಸಿ ಓದುವ ಹುಡುಗನಿಗೆ ಎರಡು ಸಲ ಫಿಟ್ಸ್ ಬಂದಿತ್ತು. ನೆತ್ತಿಯ ತುಂಬ ಅಂಟು ಹಚ್ಚಿ ಒಂದೊಂದೇ ವೈರನ್ನು ಕೂರಿಸಿ, ಪರದೆಯ ಮೇಲೆ ಗೆರೆಗಳು ಓಡತೊಡಗಿದಾಗ ಅವನು ತಂದೆಯನ್ನು ಹತ್ತಿರ ಕರೆದು, "ಅಪ್ಪಾ, ನಾನು ಈಗ ಏನು ಯೋಚನೆ ಮಾಡ್ತಿದ್ದೇನೆ ಅಂತ ಇವರಿಗೆ ಇದರಲ್ಲಿ ಗೊತ್ತಾಗ್ತದಾ?" ಎಂದು ಕೇಳಿದನಂತೆ. ಇಲ್ಲವೆಂದು ಹೇಳಿ ತಂದೆ ಸಮಾಧಾನ ಮಾಡಿದರು. ಊರಿಗೆ ಮರಳಿದ ಮೇಲೆ ಅವರಿಗೇ ಅನುಮಾನ ಶುರುವಾಯಿತು. ಮಿದುಳಿಗೆ ಚಿಪ್ ಹಾಕಿಸಿಕೊಂಡವರು ಬರೀ ಯೋಚನೆಯಿಂದ ಕಂಪ್ಯೂಟರ್ ನಡೆಸುವ ವಿಡಿಯೊಗಳು, ಮಕ್ಕಳ ಏಕಾಗ್ರತೆಯನ್ನು ಅಳೆದು ತೋರಿಸುತ್ತೇವೆ ಎನ್ನುವ ಹಣೆಪಟ್ಟಿಗಳ ಜಾಹೀರಾತುಗಳು ಈಗ ಎಲ್ಲರ ಫೋನಿಗೂ ಬರುತ್ತಿರುವಾಗ ಅನುಮಾನ ಬರುವುದು ಸಹಜ.

ಕಾನೂನಿನ ಲೋಕದಲ್ಲಿಯೂ ಈ ಪ್ರಶ್ನೆ ಎದ್ದಿದೆ. ಉಜ್ಬೇಕಿಸ್ತಾನದ ಸಮರ್ಕಂದ್‌ನಲ್ಲಿ ನಡೆದ ಯುನೆಸ್ಕೊ ಮಹಾಸಭೆಯು ನರತಂತ್ರಜ್ಞಾನದ, ಅಂದರೆ ಮಿದುಳು ಮತ್ತು ನರಗಳ ಸಂಕೇತ ಹಿಡಿದು ಕೆಲಸ ಮಾಡುವ ತಂತ್ರಜ್ಞಾನದ, ನೈತಿಕತೆಯ ಬಗ್ಗೆ ಒಂದು ಶಿಫಾರಸನ್ನು 2025ರ ನವೆಂಬರ್‌ನಲ್ಲಿ ಅಂಗೀಕರಿಸಿತು. ಅದೇ ತಿಂಗಳಲ್ಲಿ ಭಾರತ ಸರ್ಕಾರವು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ನಿಯಮಗಳನ್ನು ಪ್ರಕಟಿಸಿತು. ಒಂದು ಮಿದುಳಿನ ಮಾತಾದರೆ ಇನ್ನೊಂದು ಮಾಹಿತಿಯ ಮಾತು; ಎರಡೂ ಕೂಡುವ ಜಾಗದಲ್ಲಿಯೇ ಆ ಹುಡುಗನ ಪ್ರಶ್ನೆ ಇದೆ.

ಮನಸ್ಸಿನಲ್ಲಿ ಮಂಡಿಗೆ ತಿನ್ನುವುದು ಎಂದು ನಾವು ಹಗಲುಗನಸಿಗೆ ಹೇಳುತ್ತೇವೆ. ಹಾಗೆ ತಿಂದ ಮಂಡಿಗೆಗೆ ಖರ್ಚೂ ಇಲ್ಲ, ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಯೂ ಇಲ್ಲ. ಆ ಎರಡನೆಯ ಸೌಲಭ್ಯಕ್ಕೇ ಇಂದು ಮಾನಸಿಕ ಖಾಸಗಿತನ ಎಂಬ ಹೆಸರು ಬಂದಿದೆ. ಅದಕ್ಕೆ ಕುತ್ತು ಬಂದಿದೆಯೇ ಎಂದು ತಿಳಿಯಬೇಕಾದರೆ ಯಂತ್ರಗಳು ನಿಜಕ್ಕೂ ಏನನ್ನು ಹಿಡಿಯುತ್ತವೆ ಎಂಬುದನ್ನು ಮೊದಲು ನೋಡಬೇಕು.

ಮಿದುಳಿನಿಂದ ಹೊರಬರುವುದು ಏನು?

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವಾಗ ಅತಿ ಸಣ್ಣ ವಿದ್ಯುತ್ ಬದಲಾವಣೆ ಉಂಟಾಗುತ್ತದೆ, ರಾಸಾಯನಿಕಗಳು ಬಿಡುಗಡೆಯಾಗುತ್ತವೆ, ಆ ಭಾಗಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಯಂತ್ರಗಳಿಗೆ ಸಿಗುವುದು ಈ ವಿದ್ಯುತ್ತು ಅಥವಾ ಈ ರಕ್ತದ ಹರಿವು. ಯೋಚನೆಯೇ ಒಂದು ವಸ್ತುವಿನಂತೆ ಯಾವ ಯಂತ್ರದ ಕೈಗೂ ಸಿಗುವುದಿಲ್ಲ. ಸಿಕ್ಕ ಗುರುತಿನಿಂದ ಯೋಚನೆ ಇಂಥದ್ದಿರಬಹುದು ಎಂದು ಊಹಿಸುವ ಕೆಲಸವನ್ನು ಗಣಿತ ಮಾಡುತ್ತದೆ, ಈಗೀಗ ಕೃತಕ ಬುದ್ಧಿಮತ್ತೆ ಮಾಡುತ್ತದೆ.

ಗುರುತಿಗೂ ವಸ್ತುವಿಗೂ ನಡುವೆ ಎಷ್ಟು ದೂರವಿದೆ ಎಂಬುದು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಹೊಸದಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿ ನದಿಯ ಪಾಲಾದಾಗ, ನೀರಿನಡಿ ಲೋಹವಿದೆ ಎಂಬ ಸಂಕೇತವನ್ನು ಉಪಕರಣಗಳು ಆ ತಿಂಗಳಲ್ಲಿಯೇ ಕೊಟ್ಟಿದ್ದವು. ಹೂಳೆತ್ತುವ ಯಂತ್ರ ತಂದು ಲಾರಿಯನ್ನು ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಅಷ್ಟು ದಿನ ಕೈಯಲ್ಲಿದ್ದದ್ದು ಸಂಕೇತ ಮಾತ್ರ. ಮಿದುಳಿನ ವಿಷಯದಲ್ಲಿ ಮೇಲೆತ್ತಿ ನೋಡಿ ಖಚಿತಪಡಿಸಿಕೊಳ್ಳುವ ಆ ಕೊನೆಯ ಹಂತ ಇಲ್ಲವೇ ಇಲ್ಲ. ಊಹೆ ಸರಿಯೋ ತಪ್ಪೋ ಎಂಬುದನ್ನು ಆ ವ್ಯಕ್ತಿಯೇ ಹೇಳಬೇಕು.

ಜಾತ್ರೆಯ ಗದ್ದಲವನ್ನು ಹೊರಗಿನಿಂದ ಕೇಳಿದಂತೆ

ಇಇಜಿ ಹಳೆಯ ವಿದ್ಯೆ. ಜರ್ಮನಿಯ ಯೇನಾ ನಗರದ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ನೆತ್ತಿಯ ಮೇಲಿನಿಂದ ಮಿದುಳಿನ ವಿದ್ಯುತ್ತನ್ನು ಮೊದಲ ಬಾರಿಗೆ ದಾಖಲಿಸಿ 1929ರಲ್ಲಿ ಪ್ರಕಟಿಸಿದರು. ನೆತ್ತಿಯ ಮೇಲೆ ಸಿಗುವ ಈ ವಿದ್ಯುತ್ತು ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟಿನ ಒಳಗಿರುತ್ತದೆ. ಗೋಡೆ ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲಿನ ಮುಂದೆ ಇದು ಹತ್ತಾರು ಸಾವಿರ ಪಟ್ಟು ಕ್ಷೀಣ. ಅದೂ ತಲೆಬುರುಡೆ, ಚರ್ಮ, ಕೂದಲುಗಳನ್ನು ದಾಟಿ ಹೊರಬರಬೇಕು. ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ ಆ ಸ್ನಾಯುಗಳ ವಿದ್ಯುತ್ತು ಇದಕ್ಕಿಂತ ಜೋರಾಗಿ ಬಂದು ಎಲ್ಲವನ್ನೂ ಮುಚ್ಚಿಬಿಡುತ್ತದೆ.

ಶಿರಸಿಯ ಮಾರಿಕಾಂಬಾ ಜಾತ್ರೆಯ ದಿನ ಪೇಟೆಯ ಹೊರಗೆ ನಿಂತು ಕಿವಿಗೊಟ್ಟರೆ ಜನ ಸೇರಿದ್ದಾರೋ ಚದುರಿದ್ದಾರೋ, ರಥ ಹೊರಟಿತೋ, ರಾತ್ರಿಯ ಆಟ ಶುರುವಾಯಿತೋ ಎಂಬುದನ್ನು ಗದ್ದಲದ ಏರಿಳಿತದಿಂದ ಹೇಳಬಹುದು. ಬಳೆ ಅಂಗಡಿಯ ಮುಂದೆ ತಾಯಿ ಮಗಳಿಗೆ ಏನು ಹೇಳಿದಳು ಎಂಬುದು ಅಲ್ಲಿಗೆ ಕೇಳಿಸುವುದಿಲ್ಲ. ಇಇಜಿಯ ಶಕ್ತಿಯೂ ಮಿತಿಯೂ ಇಷ್ಟೇ. ವ್ಯಕ್ತಿ ಎಚ್ಚರವಾಗಿದ್ದಾನೋ ಗಾಢ ನಿದ್ರೆಯಲ್ಲಿದ್ದಾನೋ, ಕಣ್ಣು ಮುಚ್ಚಿ ವಿಶ್ರಮಿಸುತ್ತಿದ್ದಾನೋ, ಮೂರ್ಛೆರೋಗದ ಗುರುತಾದ ಚೂಪು ಅಲೆಗಳು ಏಳುತ್ತಿವೆಯೋ ಎಂಬುದೆಲ್ಲ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಹುಡುಗನ ಮನಸ್ಸಿನಲ್ಲಿ ಪರೀಕ್ಷೆಯ ಚಿಂತೆ ಇತ್ತೋ ಗೆಳತಿಯ ಮುಖ ಇತ್ತೋ ಎಂಬುದು ಕಾಣುವುದಿಲ್ಲ.

ಆದರೂ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಮುಂದಿನ ಅಪರಾಧ ತನಿಖೆಯ ಕಥೆಗೆ ಬುಡ ಇದೇ. ಕಾರವಾರದ ಬಸ್ ನಿಲ್ದಾಣದಲ್ಲಿ ಧ್ವನಿವರ್ಧಕ ಹತ್ತೂರಿನ ಹೆಸರು ಕೂಗುತ್ತಿರುತ್ತದೆ; ಶಿರಸಿ ಬಸ್ಸಿಗೆ ಕಾಯುತ್ತಿರುವವನಿಗೆ 'ಶಿರಸಿ' ಎಂದೊಡನೆ ಕಿವಿ ನೆಟ್ಟಗಾಗುತ್ತದೆ. ಹೀಗೆ ಹಲವು ಬೇಡದ ಸಂಗತಿಗಳ ನಡುವೆ ಬೇಕಾದದ್ದು ಅಥವಾ ಪರಿಚಿತವಾದದ್ದು ಎದುರಾದಾಗ ಸುಮಾರು 300 ಮಿಲಿಸೆಕೆಂಡಿನ ನಂತರ ಇಇಜಿಯಲ್ಲಿ ಒಂದು ಉಬ್ಬು ಕಾಣುತ್ತದೆ. ಅದನ್ನು ಪಿ300 ಎಂದು ಕರೆಯುತ್ತಾರೆ. 1960ರ ದಶಕದಿಂದಲೂ ವಿಜ್ಞಾನಿಗಳಿಗೆ ಇದು ಗೊತ್ತು. 'ಇದು ನನ್ನ ಗಮನ ಸೆಳೆಯಿತು' ಎಂಬುದನ್ನಷ್ಟೇ ಆ ಉಬ್ಬು ಹೇಳುತ್ತದೆ. ಏಕೆ ಸೆಳೆಯಿತು ಎಂಬುದನ್ನು ಹೇಳುವುದಿಲ್ಲ.

ಘಟ್ಟದ ಮಳೆ, ಕೆಳಗಿನ ನೆರೆ

ಇನ್ನೊಂದು ಬಗೆ ಎಫ್‌ಎಂಆರ್‌ಐ. ಮಾಮೂಲಿ ಎಂಆರ್‌ಐ ಯಂತ್ರದಲ್ಲಿಯೇ, ಮಿದುಳಿನ ಯಾವ ಭಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಹೆಚ್ಚಾಗಿ ಹರಿಯಿತು ಎಂಬುದನ್ನು ಅಳೆಯುವ ವಿಧಾನವಿದು. ಜಪಾನ್ ಮೂಲದ ವಿಜ್ಞಾನಿ ಸೇಜಿ ಒಗಾವಾ 1990ರಲ್ಲಿ ಇದಕ್ಕೆ ದಾರಿ ತೋರಿಸಿದರು. ಹೆಚ್ಚು ಕೆಲಸ ಮಾಡಿದ ಭಾಗಕ್ಕೆ ಹೆಚ್ಚು ರಕ್ತ ಬರುತ್ತದೆ ಎಂಬುದು ಇದರ ಆಧಾರ.

ಇದರಲ್ಲಿ ಜಾಗ ಮಿಲಿಮೀಟರುಗಳ ಲೆಕ್ಕದಲ್ಲಿ ಸ್ಪಷ್ಟವಾಗುತ್ತದೆ, ಸಮಯ ಮಾತ್ರ ಮಸುಕಾಗುತ್ತದೆ. ಘಟ್ಟದ ಮೇಲೆ ಮಳೆ ಹೊಯ್ದರೂ ಕೆಳಗಿನ ಹೊಳೆ ಕೆಂಪಾಗಿ ಏರುವುದು ಆಮೇಲೆ. ಏರಿದ ನೀರನ್ನು ನೋಡಿದವನಿಗೆ ಮೇಲೆ ಯಾವ ಹಳ್ಳದಲ್ಲಿ ಯಾವ ಗಳಿಗೆಯಲ್ಲಿ ಮಳೆ ಬಿತ್ತೆಂದು ಬಿಡಿಸಿ ಹೇಳಲು ಬರುವುದಿಲ್ಲ. ನರಕೋಶ ಕೆಲಸ ಮಾಡಿದ ಐದಾರು ಸೆಕೆಂಡಿನ ನಂತರ ರಕ್ತದ ಹರಿವು ತುದಿಗೆ ಮುಟ್ಟುತ್ತದೆ. ಮಾತನಾಡುವವನು ಅಷ್ಟರಲ್ಲಿ ಹತ್ತಾರು ಪದಗಳನ್ನು ದಾಟಿರುತ್ತಾನೆ. ಯಂತ್ರವಾದರೋ ಒಂದು ಕೋಣೆಯಷ್ಟು ದೊಡ್ಡದು. ಅದರ ಕಾಂತಕ್ಷೇತ್ರ ಸಾಮಾನ್ಯವಾಗಿ 3 ಟೆಸ್ಲಾ, ಅಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 60,000 ಪಟ್ಟು. ಒಳಗೆ ಮಲಗಿದವನು ತಲೆ ಅಲುಗಿಸಿದರೆ ದಾಖಲೆ ಕೆಡುತ್ತದೆ. ಯಾರಿಗೂ ಗೊತ್ತಾಗದಂತೆ ದಾರಿಹೋಕನ ಮೇಲೆ ಪ್ರಯೋಗಿಸುವ ಯಂತ್ರ ಇದಲ್ಲ.

ಎಫ್‌ಎಂಆರ್‌ಐ ಚಿತ್ರಗಳಲ್ಲಿ ಮಿದುಳಿನ ಭಾಗಗಳು ಕೆಂಪು, ಹಳದಿ ಬಣ್ಣದಲ್ಲಿ ಹೊಳೆಯುವುದನ್ನು ಪತ್ರಿಕೆಗಳಲ್ಲಿ ನೋಡಿರುತ್ತೀರಿ. ಆ ಬಣ್ಣವನ್ನು ಎಷ್ಟು ನಂಬಬೇಕು ಎಂಬುದಕ್ಕೆ ಒಂದು ಮೀನಿನ ಕಥೆಯಿದೆ, ಕರಾವಳಿಯವರಿಗೆ ಹೇಳದೆ ಬಿಡಬಾರದು. ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದೊಳಗಿಟ್ಟು, ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿ, 'ಇವರ ಭಾವನೆ ಏನು?' ಎಂದು ಕ್ರಮಪ್ರಕಾರವಾಗಿ ಕೇಳಿದರು. ಲೆಕ್ಕದಲ್ಲಿ ಮಾಡಬೇಕಾದ ಒಂದು ತಿದ್ದುಪಡಿಯನ್ನು ಬಿಟ್ಟು ನೋಡಿದಾಗ ಸತ್ತ ಮೀನಿನ ಮಿದುಳೂ ಒಂದು ಕಡೆ ಹೊಳೆಯಿತು. 2009ರಲ್ಲಿ ಅವರು ಇದನ್ನು ವಿಜ್ಞಾನಿಗಳ ಮುಂದಿಟ್ಟರು. ಯಂತ್ರ ಕೆಟ್ಟಿದೆ ಎನ್ನುವುದು ಅವರ ಉದ್ದೇಶವಾಗಿರಲಿಲ್ಲ. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಕೆಲವು ಬರೀ ಆಕಸ್ಮಿಕವಾಗಿ ಹೊಳೆಯುತ್ತವೆ, ಅದಕ್ಕೆ ಲೆಕ್ಕ ತಿದ್ದದಿದ್ದರೆ ಇಲ್ಲದ್ದೂ ಕಾಣುತ್ತದೆ ಎಂಬುದನ್ನು ಅವರು ತೋರಿಸಿಕೊಟ್ಟರು.

ಪದ ಭಾಗವತರದು, ಅರ್ಥ ಯಂತ್ರದ್ದು

ಮನಸ್ಸನ್ನು ಓದುವ ಯಂತ್ರ ಎಂದು 2023ರ ಮೇ ತಿಂಗಳಲ್ಲಿ ಜಗತ್ತಿನ ತುಂಬ ಸುದ್ದಿಯಾದದ್ದು ಈ ಎಫ್‌ಎಂಆರ್‌ಐ ಆಧಾರದ ಪ್ರಯೋಗವೇ. ಟೆಕ್ಸಾಸ್ ವಿಶ್ವವಿದ್ಯಾಲಯದ ಜೆರ್ರಿ ಟ್ಯಾಂಗ್, ಅಲೆಕ್ಸಾಂಡರ್ ಹ್ಯೂತ್ ಮತ್ತು ಸಂಗಡಿಗರು ಮೂವರು ಸ್ವಯಂಸೇವಕರನ್ನು ಒಬ್ಬೊಬ್ಬರಂತೆ ಸುಮಾರು 16 ಗಂಟೆ ಯಂತ್ರದಲ್ಲಿ ಮಲಗಿಸಿ ಕಥೆಗಳನ್ನು ಕೇಳಿಸಿದರು. ಯಾವ ಅರ್ಥದ ಮಾತಿಗೆ ಇವನ ಮಿದುಳಿನಲ್ಲಿ ಯಾವ ವಿನ್ಯಾಸ ಮೂಡುತ್ತದೆ ಎಂಬುದನ್ನು ಗಣಕ ಹೀಗೆ ಕಲಿಯಿತು. ಬಳಿಕ ಹೊಸ ಕಥೆ ಕೇಳಿಸಿದಾಗ, ಭಾಷಾ ಮಾದರಿಯೊಂದು ಮುಂದಿನ ಪದಗಳು ಇವಿರಬಹುದು ಎಂದು ಹಲವು ಸಾಧ್ಯತೆಗಳನ್ನು ಮುಂದಿಡುತ್ತ ಹೋಯಿತು. ಅವುಗಳಲ್ಲಿ ಯಾವುದು ಮಿದುಳಿನ ಚಿತ್ರಕ್ಕೆ ಹೆಚ್ಚು ಹೊಂದುತ್ತದೋ ಅದನ್ನು ಗಣಕ ಉಳಿಸಿಕೊಂಡಿತು. ಫೋನಿನಲ್ಲಿ ಟೈಪ್ ಮಾಡುವಾಗ ಮುಂದಿನ ಪದವನ್ನು ಕೀಲಿಮಣೆ ತಾನೇ ಸೂಚಿಸುತ್ತದಲ್ಲ, ಭಾಷಾ ಮಾದರಿ ಅದರ ದೊಡ್ಡಣ್ಣ.

ಫಲಿತಾಂಶ ಹೇಗಿತ್ತೆಂದರೆ, 'ನನಗಿನ್ನೂ ಡ್ರೈವಿಂಗ್ ಲೈಸೆನ್ಸ್ ಇಲ್ಲ' ಎಂಬ ಮಾತನ್ನು ಕೇಳಿದವನ ಮಿದುಳಿನಿಂದ ಯಂತ್ರ 'ಅವಳಿನ್ನೂ ಗಾಡಿ ಕಲಿಯಲು ಶುರುವೇ ಮಾಡಿಲ್ಲ' ಎಂಬರ್ಥದ ವಾಕ್ಯವನ್ನು ತೆಗೆಯಿತು. ತಾಳಮದ್ದಳೆ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಭಾಗವತರು ನಾಲ್ಕು ಸಾಲಿನ ಪದ ಹೇಳುತ್ತಾರೆ. ಅರ್ಥಧಾರಿ ಅದರ ಭಾವವನ್ನು ಹಿಡಿದು ತನ್ನ ಮಾತಿನಲ್ಲಿ ಬೆಳೆಸುತ್ತಾನೆ. ಅರ್ಥಧಾರಿಯ ಮಾತನ್ನಷ್ಟೇ ಕೇಳಿದವನು ಪ್ರಸಂಗ ಎಲ್ಲಿಗೆ ಬಂತೆಂದು ಹೇಳಬಲ್ಲ, ಮೂಲ ಪದ ಏನಿತ್ತೆಂದು ಬರೆದುಕೊಡಲಾರ. ಕೆಲವೊಮ್ಮೆ ಅರ್ಥಧಾರಿ ಪದದಲ್ಲಿ ಇಲ್ಲದ್ದನ್ನೂ ಸೇರಿಸುತ್ತಾನೆ. ಯಂತ್ರವೂ ಸೇರಿಸುತ್ತದೆ, ಮತ್ತು ಸೇರಿಸಿದ್ದು ಯಾವುದೆಂದು ತಾನಾಗಿ ಹೇಳುವುದಿಲ್ಲ.

ಖಾಸಗಿತನದ ದೃಷ್ಟಿಯಿಂದ ಈ ಪ್ರಯೋಗದ ಇನ್ನೊಂದು ಭಾಗ ಹೆಚ್ಚು ಮುಖ್ಯ, ಸುದ್ದಿಗಳಲ್ಲಿ ಅದಕ್ಕೆ ಸಿಕ್ಕ ಜಾಗ ಕಡಿಮೆ. ಒಬ್ಬನ ಮಿದುಳಿನಲ್ಲಿ ಕಲಿತ ಯಂತ್ರ ಇನ್ನೊಬ್ಬನ ಮೇಲೆ ಕೆಲಸ ಮಾಡಲಿಲ್ಲ. ಅದೇ ವ್ಯಕ್ತಿ ಮನಸ್ಸಿನಲ್ಲಿ ಪ್ರಾಣಿಗಳ ಹೆಸರು ಹೇಳಿಕೊಂಡರೆ, ಅಂಕಿ ಎಣಿಸಿದರೆ, ಬೇರೊಂದು ಕಥೆ ಹೇಳಿಕೊಂಡರೆ ಯಂತ್ರ ದಾರಿ ತಪ್ಪಿತು. ಅಂದರೆ ಒಪ್ಪಿಗೆಯಷ್ಟೇ ಸಾಲದು, ಸಹಕಾರವೂ ಬೇಕಾಗಿತ್ತು. ಆದರೆ ಈ ಬೇಲಿಯ ಒಂದು ಗೂಟ ಆಗಲೇ ಸಡಿಲವಾಗಿದೆ: ಹೊಸ ವ್ಯಕ್ತಿಗೆ ಯಂತ್ರವನ್ನು ಹೊಂದಿಸಲು ಮಾತಿಲ್ಲದ ಕಿರುಚಿತ್ರಗಳನ್ನು ಸುಮಾರು ಒಂದು ಗಂಟೆ ತೋರಿಸಿದರೆ ಸಾಕಾಗಬಹುದು ಎಂದು ಅದೇ ವಿಜ್ಞಾನಿಗಳು 2025ರಲ್ಲಿ ತೋರಿಸಿದರು.

ತಾಂಡೇಲನ ಆಜ್ಞೆ

ಮೂರನೆಯ ಬಗೆ ತಲೆಬುರುಡೆಯನ್ನು ತೆರೆದು ಮಿದುಳಿನ ಮೇಲೆ ಅಥವಾ ಒಳಗೆ ವಿದ್ಯುತ್ ಸಂಕೇತ ಹಿಡಿಯುವ ವಿದ್ಯುದ್ವಾರಗಳನ್ನು (ಎಲೆಕ್ಟ್ರೋಡ್) ಕೂರಿಸುವುದು. ಸ್ಪಷ್ಟತೆಯಲ್ಲಿ ಉಳಿದೆರಡು ಬಗೆಗಳು ಇದರ ಹತ್ತಿರ ಬರುವುದಿಲ್ಲ. ಇದನ್ನು ಮಾಡಿಸಿಕೊಂಡವರು ಪಾರ್ಶ್ವವಾಯುವಿನಿಂದ ಅಥವಾ ಎಎಲ್‌ಎಸ್ ಎಂಬ ನರರೋಗದಿಂದ ಮಾತನ್ನೋ ಕೈಕಾಲಿನ ಚಲನೆಯನ್ನೋ ಕಳೆದುಕೊಂಡವರು.

ಸ್ಯಾನ್ ಫ್ರಾನ್ಸಿಸ್ಕೊದ ಎಡ್ವರ್ಡ್ ಚಾಂಗ್ ತಂಡ 2023ರಲ್ಲಿ, ಪಾರ್ಶ್ವವಾಯುವಿನಿಂದ ಹದಿನೆಂಟು ವರ್ಷ ಮಾತಿಲ್ಲದೆ ಕಳೆದ ಮಹಿಳೆಯೊಬ್ಬರ ಮಿದುಳಿನ ಮೇಲೆ 253 ವಿದ್ಯುದ್ವಾರಗಳನ್ನಿಟ್ಟು, ಅವರು ನಿಮಿಷಕ್ಕೆ ಸರಾಸರಿ 78 ಪದಗಳ ವೇಗದಲ್ಲಿ ಪರದೆಯ ಮೂಲಕ ಮಾತನಾಡುವಂತೆ ಮಾಡಿತು. 2024ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಎಎಲ್‌ಎಸ್ ಪೀಡಿತರೊಬ್ಬರಿಗೆ 256 ವಿದ್ಯುದ್ವಾರಗಳನ್ನು ಅಳವಡಿಸಿದಾಗ ಪದಗಳ ನಿಖರತೆ ಶೇ. 97ಕ್ಕೆ ಮುಟ್ಟಿತು, ರೋಗ ಬರುವ ಮೊದಲಿನ ಅವರದೇ ಧ್ವನಿಯನ್ನು ಹೋಲುವ ದನಿಯಲ್ಲಿ ಗಣಕ ಅವುಗಳನ್ನು ನುಡಿಯಿತು. ಅದೇ ವರ್ಷದ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿ ಮೊದಲ ಬಾರಿಗೆ ಮನುಷ್ಯನಿಗೆ ತನ್ನ ಚಿಪ್ ಅಳವಡಿಸಿತು. ಕೂದಲಿಗಿಂತ ತೆಳುವಾದ 64 ಎಳೆಗಳಲ್ಲಿ 1,024 ವಿದ್ಯುದ್ವಾರಗಳಿದ್ದ ಆ ಚಿಪ್ಪಿನ ಹಲವು ಎಳೆಗಳು ಕೆಲವು ವಾರಗಳಲ್ಲಿ ಮಿದುಳಿನಿಂದ ಹಿಂದೆ ಸರಿದವು. ಮಾಹಿತಿ ಓದುವ ಕ್ರಮವನ್ನು ಬದಲಿಸಿ ಕೆಲಸ ಮುಂದುವರಿಸಬೇಕಾಯಿತು.

ಇಷ್ಟು ನಿಖರವಾಗಿ ಕೆಲಸ ಮಾಡುವ ಈ ಯಂತ್ರಗಳು ಓದುವುದು ಏನನ್ನು? ಮೀನುಗಾರಿಕೆ ಬೋಟಿನಲ್ಲಿ ಅದನ್ನು ನಡೆಸುವ ತಾಂಡೇಲ ತನ್ನ ಕೈಕೆಳಗಿನ ಖಲಾಸಿಗಳಿಗೆ ಕೊಡುವ ಆಜ್ಞೆ ಕಿವಿಗೆ ಬಿದ್ದರೆ ಬೋಟು ಎತ್ತ ತಿರುಗುತ್ತದೆ, ಬಲೆ ಯಾವಾಗ ಬೀಳುತ್ತದೆ ಎಂಬುದು ತಿಳಿಯುತ್ತದೆ. ಅವನು ಆ ಜಾಗವನ್ನೇ ಏಕೆ ಆರಿಸಿದ, ಮನೆಯ ಸಾಲದ ಬಗ್ಗೆ ಏನು ಯೋಚಿಸುತ್ತಿದ್ದಾನೆ ಎಂಬುದು ಆಜ್ಞೆಯಲ್ಲಿ ಇರುವುದಿಲ್ಲ. ವಿದ್ಯುದ್ವಾರಗಳನ್ನು ಕೂರಿಸುವುದು ಮುಖ್ಯವಾಗಿ ಮಿದುಳಿನ ಚಲನೆಯ ವಿಭಾಗದಲ್ಲಿ. ನಾಲಿಗೆ, ತುಟಿ, ದವಡೆ, ಗಂಟಲಿಗೆ ಹೊರಡುವ ಆಜ್ಞೆಗಳು ಅಲ್ಲಿ ಸಿಗುತ್ತವೆ. ರೋಗಿ ಮಾತನಾಡಲು ಯತ್ನಿಸಿದಾಗ ಆಜ್ಞೆ ಹೊರಡುತ್ತದೆ, ಸ್ನಾಯುವಿಗೆ ಮುಟ್ಟುವುದಿಲ್ಲ. ನಡುದಾರಿಯಲ್ಲಿ ಯಂತ್ರ ಅದನ್ನು ಹಿಡಿದು ಮಾತಾಗಿಸುತ್ತದೆ.

ಹಾಗಾದರೆ ಹೇಳಲು ಯತ್ನಿಸದೆ ಮನಸ್ಸಿನೊಳಗೇ ಆಡಿಕೊಂಡ ಮಾತು? ಸ್ಟ್ಯಾನ್‌ಫರ್ಡ್ ವಿಜ್ಞಾನಿಗಳು 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಕೇಳಿತು. ವಿದ್ಯುದ್ವಾರ ಅಳವಡಿಸಿಕೊಂಡಿದ್ದ ನಾಲ್ವರಲ್ಲಿ, ಒಳಮಾತಿನ ಗುರುತು ಆಡಲು ಯತ್ನಿಸಿದ ಮಾತಿನ ಗುರುತಿನಂತೆಯೇ ಇತ್ತು, ಸ್ವಲ್ಪ ಕ್ಷೀಣವಾಗಿತ್ತು. ಹೇಳಿಕೊಟ್ಟ ವಾಕ್ಯಗಳನ್ನು ಮನಸ್ಸಿನಲ್ಲಿಯೇ ಹೇಳಿಕೊಳ್ಳುವಾಗ ಗರಿಷ್ಠ ಶೇ. 74ರವರೆಗೆ ನಿಖರತೆ ಬಂತು. ಪರದೆಯ ಮೇಲಿನ ಬಣ್ಣದ ಆಕೃತಿಗಳನ್ನು ಎಣಿಸಲು ಹೇಳಿದಾಗ, ಒಳಗೊಳಗೇ ಎಣಿಸಿದ ಅಂಕಿಗಳ ಸುಳಿವೂ ಸಿಕ್ಕಿತು, ಅದನ್ನು ಹೇಳೆಂದು ಯಾರೂ ಕೇಳಿರಲಿಲ್ಲ. ಇಡೀ ಕ್ಷೇತ್ರದಲ್ಲಿ ನಿಜವಾಗಿ ಎಚ್ಚರಿಸುವ ಸಂಗತಿ ಇದು ಎಂದು ನನಗೆ ತೋರುತ್ತದೆ. ಆ ವಿಜ್ಞಾನಿಗಳಿಗೂ ತೋರಿರಬೇಕು, ಏಕೆಂದರೆ ಅದೇ ಅಧ್ಯಯನದಲ್ಲಿ ಅವರು ಬೀಗವನ್ನೂ ಪರೀಕ್ಷಿಸಿದರು: ವ್ಯಕ್ತಿ ಮೊದಲು ಮನಸ್ಸಿನಲ್ಲಿ ಒಂದು ವಿಚಿತ್ರವಾದ ಗುಪ್ತ ಪದಗುಚ್ಛವನ್ನು ಹೇಳಿಕೊಂಡರೆ ಮಾತ್ರ ಯಂತ್ರ ಓದಲು ತೊಡಗುತ್ತದೆ. ಆ ಗುಪ್ತಪದವನ್ನು ಶೇ. 98ಕ್ಕೂ ಹೆಚ್ಚು ಸಲ ಯಂತ್ರ ಸರಿಯಾಗಿ ಗುರುತಿಸಿತು.

ನಮ್ಮ ಜಿಲ್ಲೆಯಲ್ಲಿ ಇದೆಲ್ಲ ದೂರದ ಮಾತು ಎನಿಸುವುದು ಸಹಜ. ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಕೇಳುತ್ತ, ತಲೆಗೆ ಪೆಟ್ಟಾದವರನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾದ ಬಾಂಬೋಳಿಗೋ ಸಾಗಿಸುವ ಊರಿನವರು ನಾವು. ಆದರೆ ಮಾನಸಿಕ ಖಾಸಗಿತನದ ಪ್ರಶ್ನೆ ಚಿಪ್ಪಿನ ಮೂಲಕವೇ ಬರಬೇಕೆಂದಿಲ್ಲ, ಕರ್ನಾಟಕಕ್ಕೆ ಅದು ಸುಮಾರು ಇಪ್ಪತ್ತು ವರ್ಷಗಳ ಹಿಂದೆಯೇ ಬೇರೊಂದು ಬಾಗಿಲಿನಿಂದ ಬಂದಿತ್ತು.

ತಪ್ಪು ಊಹೆಯನ್ನು ನಂಬಿದಾಗ

ಈ ಶತಮಾನದ ಮೊದಲ ದಶಕದಲ್ಲಿ 'ಮಂಪರು ಪರೀಕ್ಷೆ', 'ಬ್ರೈನ್ ಮ್ಯಾಪಿಂಗ್' ಎಂಬ ಪದಗಳು ಕನ್ನಡ ಪತ್ರಿಕೆಗಳ ಮುಖಪುಟದಲ್ಲಿ ನಿತ್ಯ ಕಾಣುತ್ತಿದ್ದವು. ಮಂಪರು ಪರೀಕ್ಷೆಯೆಂದರೆ ಔಷಧ ಕೊಟ್ಟು ಮಂಪರಿನಲ್ಲಿ ಪ್ರಶ್ನೆ ಕೇಳುವುದು. ಬ್ರೈನ್ ಮ್ಯಾಪಿಂಗ್ ಎಂದರೆ ಆರೋಪಿಯ ತಲೆಗೆ ಇಇಜಿ ಟೋಪಿ ತೊಡಿಸಿ, ಅಪರಾಧಕ್ಕೆ ಸಂಬಂಧಿಸಿದ ಮಾತುಗಳನ್ನು ಕೇಳಿಸಿ ಅಥವಾ ಚಿತ್ರಗಳನ್ನು ತೋರಿಸಿ, ಮಿದುಳು ಅದನ್ನು 'ಗುರುತಿಸಿತು' ಎಂದು ಹೇಳುವ ವಿಧಾನ. ಅಮೆರಿಕದಲ್ಲಿ ಲಾರೆನ್ಸ್ ಫಾರ್ವೆಲ್ ಪಿ300ರ ಉಬ್ಬನ್ನು ಆಧರಿಸಿ ಈ ಎರಡನೆಯ ಬಗೆಯ ಪರೀಕ್ಷೆಯನ್ನು ಪ್ರಚಾರಕ್ಕೆ ತಂದಿದ್ದರು. ನಿಮ್ಹಾನ್ಸ್‌ನಲ್ಲಿ ಹಿಂದೆ ಕೆಲಸ ಮಾಡಿದ್ದ ಸಿ.ಆರ್. ಮುಕುಂದನ್ ಭಾರತದಲ್ಲಿ ಇನ್ನೊಂದು ವಿಧಾನವನ್ನು ರೂಪಿಸಿದರು. 2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದ ತೀರ್ಪಿನಲ್ಲಿ ಈ ಪರೀಕ್ಷೆಯ ಫಲಿತಾಂಶವನ್ನೂ ಆಧಾರವಾಗಿ ತೆಗೆದುಕೊಂಡಾಗ ಹೊರದೇಶಗಳ ನರವಿಜ್ಞಾನಿಗಳೂ ಹುಬ್ಬೇರಿಸಿದರು.

ತೊಡಕು ಎಲ್ಲಿದೆ ಎಂಬುದು ಬಸ್ ನಿಲ್ದಾಣದ ಉದಾಹರಣೆಯಲ್ಲಿಯೇ ಕಾಣುತ್ತದೆ. ಕೊಲೆ ನಡೆದ ಮನೆಯ ಚಿತ್ರವನ್ನು ಕೊಲೆಗಾರನ ಮಿದುಳು ಗುರುತಿಸೀತು, ಒಪ್ಪೋಣ. ಪತ್ರಿಕೆಯಲ್ಲಿ ಆ ಚಿತ್ರ ನೋಡಿದವನ ಮಿದುಳೂ ಗುರುತಿಸುತ್ತದೆ, ಹಾಲು ಹಾಕಲು ಆ ಮನೆಗೆ ಹೋಗುತ್ತಿದ್ದವನದೂ ಗುರುತಿಸುತ್ತದೆ, ಪೊಲೀಸರು ಹತ್ತು ಸಲ ಅದೇ ಪ್ರಶ್ನೆ ಕೇಳಿದ್ದರೆ ಏನೂ ಅರಿಯದವನದೂ ಗುರುತಿಸುತ್ತದೆ. ಯಂತ್ರದ ಗೆರೆ ಎಲ್ಲರದೂ ಒಂದೇ.

ಸುಪ್ರೀಂ ಕೋರ್ಟ್ 2010ರ ಮೇ 5ರಂದು ಈ ಬಗ್ಗೆ ನೀಡಿದ ತೀರ್ಪಿನ ಹೆಸರೇ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ'. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳಿನ ವಿದ್ಯುತ್ ಪರೀಕ್ಷೆ ಈ ಮೂರನ್ನೂ ಯಾರ ಮೇಲೂ ನಡೆಸುವಂತಿಲ್ಲ ಎಂದು ಅದು ಹೇಳಿತು. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾರನ್ನೂ ಬಲವಂತಪಡಿಸಬಾರದು ಎನ್ನುವ ಸಂವಿಧಾನದ 20(3)ನೆಯ ವಿಧಿ, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೆಯ ವಿಧಿ ಇದಕ್ಕೆ ಆಧಾರ. ಬೆರಳಚ್ಚು, ರಕ್ತದ ಮಾದರಿಯಂಥ ದೈಹಿಕ ಸಾಕ್ಷ್ಯ ಬೇರೆ, ಮನಸ್ಸಿನಲ್ಲಿರುವುದನ್ನು ಹೊರಗೆಳೆಯುವುದು ಬೇರೆ ಎಂಬ ಗೆರೆಯನ್ನು ಆ ತೀರ್ಪು ಎಳೆಯಿತು. ಜಗತ್ತಿನಲ್ಲಿ ನರಹಕ್ಕು (ತನ್ನ ಮಿದುಳು, ಮನಸ್ಸಿನ ಮೇಲೆ ವ್ಯಕ್ತಿಗಿರುವ ಹಕ್ಕು) ಎಂಬ ಪದ ಜನರ ಬಾಯಿಗೆ ಬರುವುದಕ್ಕೆ ಎಷ್ಟೋ ವರ್ಷ ಮುಂಚಿನ ಮಾತಿದು. ಒಪ್ಪಿಗೆಯಿದ್ದರೆ ಪರೀಕ್ಷೆ ನಡೆಸಬಹುದು, ಅದಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಗೆ ದಾಖಲಿಸುವುದೂ ಸೇರಿದಂತೆ ಷರತ್ತುಗಳಿವೆ. ಫಲಿತಾಂಶವನ್ನಷ್ಟೇ ಸಾಕ್ಷ್ಯವೆಂದು ಒಪ್ಪುವಂತಿಲ್ಲ. ಬಿಹಾರದ ಪ್ರಕರಣವೊಂದರಲ್ಲಿ 2025ರ ಜೂನ್‌ನಲ್ಲಿಯೂ ಸುಪ್ರೀಂ ಕೋರ್ಟ್ ಈ ನಿಲುವನ್ನು ಎತ್ತಿಹಿಡಿದಿದೆ.

ಅಟ್ಟದ ಮೇಲಿನ ತಾಳೆಗರಿ

ಸೆಲ್ವಿ ತೀರ್ಪು ಪೊಲೀಸರ ಮತ್ತು ಸರ್ಕಾರದ ಕೈ ಕಟ್ಟುತ್ತದೆ. ನಾವಾಗಿಯೇ ಹಣ ಕೊಟ್ಟು ಕೊಂಡು ತಲೆಗೆ ಕಟ್ಟಿಕೊಳ್ಳುವ ಪಟ್ಟಿಯ ವಿಷಯ ಬೇರೆ.

ಧ್ಯಾನಕ್ಕೆ, ನಿದ್ರೆಗೆ, ಓದಿನ ಏಕಾಗ್ರತೆಗೆ ಎಂದು ಮಾರುವ ಹಣೆಪಟ್ಟಿಗಳಲ್ಲಿ ಇರುವುದು ಕೆಲವೇ ವಿದ್ಯುದ್ವಾರಗಳ ಸರಳ ಇಇಜಿ. ಅವು ಅಳೆದ ಅಲೆಗಳು ಫೋನಿನ ಆ್ಯಪ್‌ಗೆ ಹೋಗಿ, ಅಲ್ಲಿಂದ ಕಂಪನಿಯ ಗಣಕಕ್ಕೆ ಹೋಗುತ್ತವೆ. ಚೀನಾದ ಝೇಜಿಯಾಂಗ್ ಪ್ರಾಂತದ ಪ್ರಾಥಮಿಕ ಶಾಲೆಯೊಂದು ಮಕ್ಕಳಿಗೆ ಇಂಥ ಪಟ್ಟಿ ತೊಡಿಸಿ ಗಮನದ ಅಂಕಗಳನ್ನು ಶಿಕ್ಷಕರಿಗೆ ತಲುಪಿಸುತ್ತಿದ್ದುದು 2019ರಲ್ಲಿ ಬಯಲಾಗಿ, ಜನರ ಆಕ್ರೋಶದ ನಂತರ ನಿಂತಿತು. ನೀಟ್, ಸಿಇಟಿಯ ಬಿಸಿಯಲ್ಲಿರುವ ನಮ್ಮ ಪಾಲಕರಿಗೆ ಇಂಥ ಅಂಕದ ಆಸೆ ಹುಟ್ಟುವುದು ಕಷ್ಟವೇನಲ್ಲ.

ಅಲೆಗಳಲ್ಲಿ ಯೋಚನೆ ಕಾಣದಿದ್ದರೆ ಅವು ಯಾರ ಕೈ ಸೇರಿದರೇನು ಎಂದು ಕೇಳಬಹುದು. ಯೋಚನೆ ಕಾಣದಿದ್ದರೂ ಮೂರ್ಛೆರೋಗದ ಲಕ್ಷಣ, ನಿದ್ರೆಯ ತೊಂದರೆ, ಯಾವುದಕ್ಕೆ ಮಿದುಳು ಮಂಕಾಗುತ್ತದೆ, ಯಾವುದಕ್ಕೆ ಚುರುಕಾಗುತ್ತದೆ ಎಂಬ ಸುಳಿವುಗಳು ಅವುಗಳಲ್ಲಿ ಇರುತ್ತವೆ. 2012ರಲ್ಲಿ ಸಂಶೋಧಕರು ಅಂಗಡಿಯಲ್ಲಿ ಸಿಗುವ ಅಗ್ಗದ ಇಇಜಿ ಪಟ್ಟಿಯನ್ನು ಸ್ವಯಂಸೇವಕರಿಗೆ ತೊಡಿಸಿ ಬ್ಯಾಂಕುಗಳ, ಅಂಕಿಗಳ, ಮುಖಗಳ ಚಿತ್ರಗಳನ್ನು ಬೇಗ ಬೇಗ ತೋರಿಸಿದರು. ಪಿ300ರ ಉಬ್ಬನ್ನು ನೋಡಿ ಅವರ ಬ್ಯಾಂಕು ಯಾವುದು, ಪಿನ್‌ನ ಅಂಕಿ ಯಾವುದು ಎಂಬ ಊಹೆಯನ್ನು ಕುರುಡು ಊಹೆಗಿಂತ ಉತ್ತಮಗೊಳಿಸಲು ಸಾಧ್ಯವಾಯಿತು. ಪೂರ್ತಿ ಪಿನ್ ಸಿಗಲಿಲ್ಲ, ಹುಡುಕುವ ಜಾಗ ಕಿರಿದಾಯಿತು. ಕಳ್ಳನಿಗೆ ಅದೂ ಲಾಭವೇ.

ಇನ್ನೂ ಮುಖ್ಯವಾದದ್ದು ಕಾಲದ ಮಾತು. ಶಿರಸಿ, ಸಿದ್ದಾಪುರದ ಕಡೆಯ ಹಳೆಯ ಮನೆಗಳ ಅಟ್ಟದಲ್ಲಿ ತಿಗಳಾರಿ ಲಿಪಿಯ ತಾಳೆಗರಿ ಕಟ್ಟುಗಳಿರುತ್ತವೆ. ಮನೆಯವರಿಗೆ ಅದನ್ನು ಓದಲು ಬಾರದು, ಆದ್ದರಿಂದ ಅದರಲ್ಲಿ ಏನೂ ಇಲ್ಲವೆಂದೇ ಎಷ್ಟೋ ವರ್ಷ ಕಳೆದಿರುತ್ತದೆ. ಲಿಪಿ ಬಲ್ಲವನೊಬ್ಬ ಬಂದ ದಿನ ಅದೇ ಗರಿ ಮಾತನಾಡುತ್ತದೆ. ಇಂದು ಅರ್ಥವಾಗದ ಗೆರೆಗಳೆಂದು ಸಂಗ್ರಹಿಸಿಟ್ಟ ಮಿದುಳಿನ ದಾಖಲೆಯನ್ನು ನಾಳೆಯ ಗಣಿತ ಹೆಚ್ಚು ಚೆನ್ನಾಗಿ ಓದಬಹುದು. ಗರಿ ಮನೆಯ ಅಟ್ಟದಲ್ಲಿದ್ದರೆ ಓದಿಸುವುದೋ ಬೇಡವೋ ಎಂಬುದು ಮನೆಯವರ ಕೈಯಲ್ಲಿ. ಈ ದಾಖಲೆ ಇರುವುದು ಬೇರೆಯವರ ಅಟ್ಟದಲ್ಲಿ. ಕೊಲಂಬಿಯಾ ವಿಶ್ವವಿದ್ಯಾಲಯದ ನರವಿಜ್ಞಾನಿ ರಾಫೆಲ್ ಯೂಸ್ಟೆ ಅವರು ಸ್ಥಾಪಿಸಿದ ನ್ಯೂರೋರೈಟ್ಸ್ ಫೌಂಡೇಶನ್ 2024ರಲ್ಲಿ ಇಂಥ 30 ಕಂಪನಿಗಳ ಷರತ್ತುಗಳನ್ನು ಓದಿ ನೋಡಿತು. ಅವುಗಳಲ್ಲಿ 29 ಕಂಪನಿಗಳಿಗೆ ಗ್ರಾಹಕರ ನರದತ್ತಾಂಶ, ಅಂದರೆ ಮಿದುಳು-ನರಗಳಿಂದ ಅಳೆದ ಮಾಹಿತಿ, ಕೈಗೆ ಸಿಗುವಂತಿತ್ತು, ಅದಕ್ಕೆ ಅರ್ಥಪೂರ್ಣ ಮಿತಿ ಇರಲಿಲ್ಲ.

ಬೇರೆ ದೇಶಗಳ ಕಾನೂನು, ನಮ್ಮ ಕಾನೂನು

ಈ ಅಟ್ಟದ ಪ್ರಶ್ನೆಯನ್ನು ಮೊದಲು ನೇರವಾಗಿ ಎತ್ತಿಕೊಂಡ ದೇಶ ಚಿಲಿ. ಮಿದುಳಿನ ಚಟುವಟಿಕೆ ಮತ್ತು ಅದರಿಂದ ಬರುವ ಮಾಹಿತಿಯನ್ನು ರಕ್ಷಿಸಬೇಕೆಂದು 2021ರಲ್ಲಿ ಅದು ಸಂವಿಧಾನವನ್ನೇ ತಿದ್ದಿತು. ಅಲ್ಲಿನ ಮಾಜಿ ಸೆನೆಟರ್ ಗಿಡೊ ಗಿರಾರ್ಡಿ ಇಮೋಟಿವ್ ಕಂಪನಿಯ ಇಇಜಿ ಪಟ್ಟಿ ಕೊಂಡು ಬಳಸಿ, ತನ್ನ ಮಿದುಳಿನ ದಾಖಲೆಯ ವಿಷಯವಾಗಿ ನ್ಯಾಯಾಲಯಕ್ಕೆ ಹೋದರು. 2023ರ ಆಗಸ್ಟ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ದಾಖಲೆಯನ್ನು ಅಳಿಸಬೇಕೆಂದು ಆದೇಶಿಸಿತು. ಅಮೆರಿಕದ ಕೊಲೊರಾಡೊ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳು 2024ರಲ್ಲಿ ನರದತ್ತಾಂಶವನ್ನು ಸೂಕ್ಷ್ಮ ಮಾಹಿತಿಯ ಪಟ್ಟಿಗೆ ಸೇರಿಸಿದವು. ಕ್ಯಾಲಿಫೋರ್ನಿಯಾದ ವ್ಯಾಖ್ಯೆಯಲ್ಲಿ ಮಿದುಳು, ಬೆನ್ನುಹುರಿಯ ಜೊತೆಗೆ ಕೈಕಾಲಿನ ನರಗಳೂ ಸೇರುತ್ತವೆ. ಮಣಿಕಟ್ಟಿನ ಸಂಕೇತ ಹಿಡಿದು ಕನ್ನಡಕ ಅಥವಾ ಗಣಕವನ್ನು ನಡೆಸುವ ಪಟ್ಟಿಗಳು ಮಾರುಕಟ್ಟೆಗೆ ಬಂದಿರುವುದರಿಂದ ಇದಕ್ಕೆ ಬೆಲೆಯಿದೆ. ನರಗಳ ಅಳತೆಯಿಲ್ಲದೆ, ನೀವು ಎಲ್ಲಿ ಬೆರಳು ನಿಲ್ಲಿಸಿದಿರಿ, ಏನು ಬರೆದು ಅಳಿಸಿದಿರಿ ಎಂಬುದರಿಂದ ಫೋನು ಮಾಡುವ ಊಹೆ ಮಾತ್ರ ಆ ವ್ಯಾಖ್ಯೆಯ ಹೊರಗೇ ಉಳಿಯಿತು. ಸದ್ಯಕ್ಕೆ ನಮ್ಮ ಮನಸ್ಸಿನ ಬಗ್ಗೆ ಯಾವ ಇಇಜಿಗಿಂತ ಹೆಚ್ಚು ಊಹಿಸುತ್ತಿರುವುದು ಅದೇ.

ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ಬೆನ್ನಿಗೆ ಬಂದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನರದತ್ತಾಂಶ ಎಂಬ ಪದ ಇಲ್ಲ, 'ಸೂಕ್ಷ್ಮ ಮಾಹಿತಿ' ಎಂಬ ಪ್ರತ್ಯೇಕ ವರ್ಗವೂ ಇಲ್ಲ. ಫೋನ್ ನಂಬರಿಗೆ ಯಾವ ರಕ್ಷಣೆಯೋ ಮಿದುಳಿನ ಅಲೆಗೂ ಅದೇ. ಹದಿನೆಂಟರೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು, ಮಕ್ಕಳ ವರ್ತನೆಯ ಮೇಲೆ ನಿಗಾ ಇಡುವಂತಿಲ್ಲ ಎಂಬ ನಿರ್ಬಂಧ ಕಾಯ್ದೆಯಲ್ಲಿದೆ. ಆದರೆ ಕಲಿಕೆ ಮತ್ತು ಸುರಕ್ಷತೆಯ ಉದ್ದೇಶಕ್ಕೆ ಶಿಕ್ಷಣ ಸಂಸ್ಥೆಗಳಿಗೆ ನಿಯಮಗಳಲ್ಲಿ ವಿನಾಯಿತಿ ಕೊಡಲಾಗಿದೆ. ಏಕಾಗ್ರತೆಯ ಪಟ್ಟಿ ಶಾಲೆಯೊಳಗೆ ಬಂದರೆ ಅದು ನಿರ್ಬಂಧದ ಕೆಳಗೆ ಬರುತ್ತದೋ ವಿನಾಯಿತಿಯ ಕೆಳಗೋ ಎಂಬ ವಾದಕ್ಕೆ ಇಲ್ಲಿ ಜಾಗವಿದೆ. ಯುನೆಸ್ಕೊ ಶಿಫಾರಸು ಸದಸ್ಯ ದೇಶಗಳಿಗೆ ದಾರಿದೀಪ, ಕಟ್ಟುಪಾಡಲ್ಲ.

ಕಾಯ್ದೆಯ ಮುಖ್ಯ ಹೊಣೆಗಾರಿಕೆಗಳು ಹಂತ ಹಂತವಾಗಿ ಜಾರಿಗೆ ಬರುತ್ತಿದ್ದು, ನಿಯಮಗಳು ಪ್ರಕಟವಾದ 18 ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ ಪೂರ್ಣವಾಗುತ್ತವೆ. ಆಗ ಹಣೆಪಟ್ಟಿಯ ಕಂಪನಿ ಯಾವ ಮಾಹಿತಿಯನ್ನು ಏಕೆ ತೆಗೆದುಕೊಳ್ಳುತ್ತಿದೆ ಎಂದು ಮುಂಚೆಯೇ ತಿಳಿಸಬೇಕಾಗುತ್ತದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳಲು ಬರಬೇಕು, ಅಳಿಸಿ ಎಂದು ಕೇಳುವ ಹಕ್ಕೂ ಇರುತ್ತದೆ. ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಆ ಸೂಚನೆಯನ್ನು ಓದುವ ಆಯ್ಕೆಯನ್ನು ಗ್ರಾಹಕನಿಗೆ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಅಂಕೋಲೆಯ ತಂದೆ ಅದನ್ನು ಕನ್ನಡದಲ್ಲಿ ಕೇಳಬಹುದು. ಕಾರವಾರದಲ್ಲಿ ಯಾರಿಗಾದರೂ ಕೊಂಕಣಿಯಲ್ಲಿ ಬೇಕೆಂದರೆ, ಕೊಂಕಣಿಯೂ ಆ ಪಟ್ಟಿಯಲ್ಲಿದೆ.